ಮೂಗಿನ ಸರ್ಜರಿ ಕಲಿಯಲು: ಕುರಿ ತಲೆಯೋ, ಪ್ರಿಂಟ್ ಮಾಡಿದ ಮೂಗೋ?

"ಸರ್, ರೈನೋಪ್ಲಾಸ್ಟಿ ಪ್ರಾಕ್ಟೀಸ್ ಯಾವುದರಿಂದ ಶುರು ಮಾಡ್ಲಿ?" ಹುಬ್ಬಳ್ಳಿಯಲ್ಲಿ ಇಎನ್‌ಟಿ ಪಿಜಿ ಮಾಡುತ್ತಿರುವ ಹುಡುಗಿಯೊಬ್ಬಳು ಕೇಳಿದಳು (ರೈನೋಪ್ಲಾಸ್ಟಿ ಅಂದರೆ ಮೂಗಿನ ಆಕಾರ ತಿದ್ದುವ ಸರ್ಜರಿ). ಕುರಿ ತಲೆಯಿಂದ ಅಂದೆ.

ಬೆಳಿಗ್ಗೆ ಮಟನ್ ಅಂಗಡಿಗೆ ಹೋದರೆ ತಾಜಾ ತಲೆ ಸಿಗುತ್ತದೆ. ಸುಡದೆ ಇರುವುದನ್ನೇ ಕೇಳಿ. ಮೂಗಿನ ನಡುಗೋಡೆಯ ತೆಳು ಪೊರೆಯನ್ನು ಹರಿಯದಂತೆ ಬಿಡಿಸುವುದು ಇದೆಯಲ್ಲ, ಆ ಕೈಹದ ಸಿಲಿಕೋನ್‌ನಲ್ಲಿ ಅಷ್ಟು ಚೆನ್ನಾಗಿ ಬರುವುದಿಲ್ಲ. ಸರಿಯಾದ ಪದರಕ್ಕೆ ಇಳಿದರೆ ಪೊರೆ ಸಲೀಸಾಗಿ ಏಳುತ್ತದೆ, ಕೆಳಗೆ ಬೆಳ್ಳಗೆ ಕಾರ್ಟಿಲೇಜ್ (ಮೆದು ಮೂಳೆ) ಹೊಳೆಯುತ್ತದೆ. ಪದರ ತಪ್ಪಿದರೆ ತೂತು ಬೀಳುತ್ತದೆ. ಅದು ಕುರಿಯಲ್ಲೇ ಬೀಳಲಿ, ಅಲ್ವಾ?

ಆದರೆ ಕುರಿಗೆ ನಮ್ಮಂಥ ಮೂಗಿನ ತುದಿ ಇಲ್ಲ. ತುದಿಯ ಹೊಲಿಗೆ, ಡುಬ್ಬ ಇಳಿಸುವುದು, ಮೂಳೆಗೆ ಉಳಿ ಹಾಕುವುದು, ಇವಕ್ಕೆ ತ್ರೀಡಿ ಪ್ರಿಂಟ್ ಮಾದರಿಯೇ ವಾಸಿ. ಸಿಟಿ ಸ್ಕ್ಯಾನ್‌ನಿಂದ ಮೂಳೆಯ ಆಕಾರ ತೆಗೆದು, ಮೇಲೆ ಸಿಲಿಕೋನ್ ಚರ್ಮ ಹೊದಿಸುತ್ತಾರೆ. ಅದೇ ಸೊಟ್ಟ ಮೂಗನ್ನು ಮತ್ತೆ ಮತ್ತೆ ಪ್ರಿಂಟ್ ಮಾಡಿ ತಿದ್ದಬಹುದು. ರಕ್ತ ಬರುವುದಿಲ್ಲ, ಖರ್ಚು ಜಾಸ್ತಿ.

ದಾನವಾಗಿ ಬಂದ ದೇಹಕ್ಕೆ ಸಮ ಯಾವುದೂ ಇಲ್ಲ. ಫಾರ್ಮಲಿನ್‌ನಲ್ಲಿಟ್ಟರೆ ಚರ್ಮ ಬಿರುಸಾಗುತ್ತದೆ, ಫ್ರೀಜ್ ಮಾಡಿಟ್ಟದ್ದು ಮೆತ್ತಗಿರುತ್ತದೆ. ಅಲ್ಲಿ ಒಂದೇ ಮೂಗು, ಒಂದೇ ಅವಕಾಶ. ಕೈ ಪಳಗಿದ ಮೇಲೆ ಹೋಗಿ. ಆ ಮನೆಯವರು ಕೊಟ್ಟದ್ದಕ್ಕೆ ಅಷ್ಟಾದರೂ ಮರ್ಯಾದೆ ಬೇಕು.

ಗ್ರಾಫ್ಟ್ (ಮೂಗಿಗೆ ಜೋಡಿಸುವ ಕಾರ್ಟಿಲೇಜ್ ತುಂಡು) ಕೆತ್ತಲು ಮಾತ್ರ ಕೋಳಿಯ ಎದೆಮೂಳೆಯ ಕಾರ್ಟಿಲೇಜ್ ಸಾಕು. ಹನ್ನೊಂದನೇ ನಂಬರ್ ಸರ್ಜಿಕಲ್ ಬ್ಲೇಡ್ ಹಿಡಿದು ಇವತ್ತೇ ಕೂತುಕೊಳ್ಳಿ.