ಮೀನು ಸೊರಗಿದಾಗ ಯಾವ ಟೆಸ್ಟ್ ನಂಬಬೇಕು: ಸ್ಟ್ರಿಪ್, ಡ್ರಾಪ್ ಕಿಟ್, ಟಿಡಿಎಸ್ ಪೆನ್

ಮೀನು ನೀರಿನ ಮೇಲೆ ಬಂದು ಬಾಯಿ ಬಿಡುತ್ತಿದೆ ಅಂತ ಅಂಗಡಿಯಲ್ಲಿ ಹೇಳಿ ನೋಡಿ. ಬಹುತೇಕ ಒಂದು ನೀಲಿ ಔಷಧದ ಬಾಟಲಿ ಕೈಗೆ ಬರುತ್ತದೆ. ನೀರು ಹೇಗಿದೆ ಅಂತ ಕೇಳುವವರು ಕಡಿಮೆ. ಆದರೆ ಮನೆ ಟ್ಯಾಂಕ್‌ಗಳಲ್ಲಿ ಹೆಚ್ಚಿನ ಸಲ ಮೊದಲು ಕೆಡುವುದು ನೀರು. ರೋಗ ಅಂಟುವುದು ಅದರ ಹಿಂದೆ. ಅದಕ್ಕೇ ಔಷಧಕ್ಕಿಂತ ಮೊದಲು ನೀರು ಟೆಸ್ಟ್ ಮಾಡಿ ಅಂತ ನಾನು ಮೀನು ಸಾಕುವ ಎಲ್ಲರಿಗೂ ಹೇಳುತ್ತೇನೆ. ಹೇಳಿದ ಕೂಡಲೇ ಬರುವ ಪ್ರಶ್ನೆ ಒಂದೇ, ಯಾವುದು ತಗೊಳ್ಳೋದು?

ನಾನಿರುವುದು ವಿಜಯಪುರದಲ್ಲಿ, ಟ್ಯಾಂಕ್‌ಗೆ ಹಾಕುವುದು ಬೋರ್ ನೀರು. ಮಾವನ ಮಗ ಬೆಳಗಾವಿಯಲ್ಲಿದ್ದಾನೆ, ಅವನದು ನಳದ ನೀರು. ಬಾಗಲಕೋಟೆಯಲ್ಲಿ ಒಬ್ಬ ಗೆಳೆಯ ದೊಡ್ಡ ಟ್ಯಾಂಕ್‌ನಲ್ಲಿ ಗೋಲ್ಡ್‌ಫಿಶ್ ಸಾಕುತ್ತಾನೆ. ಮೂರೂ ಮನೆಯ ನೀರಿಗೆ ಪೇಪರ್ ಸ್ಟ್ರಿಪ್, ಡ್ರಾಪ್ ಕಿಟ್, ಪೆನ್ ಮೀಟರ್ ಮೂರನ್ನೂ ಬಳಸಿ ನೋಡಿದ್ದೇನೆ. ಊರು ಬದಲಾದರೆ ಉತ್ತರವೂ ಸ್ವಲ್ಪ ಬದಲಾಗುತ್ತದೆ. ಒಂದು ಮಾತು ಮಾತ್ರ ಎಲ್ಲ ಊರಿಗೂ ಒಂದೇ: ಅಮೋನಿಯಾ (ಮೀನಿನ ಹೊಲಸು, ಉಳಿದ ಊಟದಿಂದ ನೀರಿಗೆ ಸೇರುವ ವಿಷ) ನೋಡದ ಟೆಸ್ಟ್ ಒಂದನ್ನೇ ನಂಬಿ ಮೀನಿನ ಕಾಯಿಲೆಗೆ ಕಾರಣ ಹುಡುಕೋಕೆ ಆಗುವುದಿಲ್ಲ.

ಮೊದಲು ಸ್ಟ್ರಿಪ್. ನೀರಿನಲ್ಲಿ ಅದ್ದಿ ತೆಗೆದು ಡಬ್ಬಿಯ ಮೇಲಿನ ಬಣ್ಣಗಳ ಜೊತೆ ಹಿಡಿದು ನೋಡಿದರೆ ಆಯಿತು, ಒಂದು ನಿಮಿಷದ ಕೆಲಸ. ಐದು ಇಲ್ಲವೇ ಆರು ಚೌಕಗಳಿರುತ್ತವೆ. ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ), ಕೆಎಚ್ (ಪಿಎಚ್ ಅನ್ನು ಹಿಡಿದಿಡುವ ಶಕ್ತಿ), ಜಿಎಚ್ (ನೀರಿನ ಗಡಸುತನ), ನೈಟ್ರೈಟ್, ನೈಟ್ರೇಟ್, ಕೆಲವುದರಲ್ಲಿ ಕ್ಲೋರಿನ್. ಇಲ್ಲಿ ಗಮನಿಸಿ, ಅಮೋನಿಯಾ ಈ ಪಟ್ಟಿಯಲ್ಲಿ ಇಲ್ಲ. ಸಾಮಾನ್ಯವಾಗಿ ಸಿಗುವ 5-ಇನ್-1, 6-ಇನ್-1 ಸ್ಟ್ರಿಪ್‌ಗಳಲ್ಲಿ ಅದು ಇರುವುದೇ ಇಲ್ಲ, ಬೇರೆ ಸ್ಟ್ರಿಪ್ ತಗೋಬೇಕು. ಕೊಳ್ಳುವವರಿಗೆ ಇದು ಗೊತ್ತಿರುವುದಿಲ್ಲ. ಎಲ್ಲ ಚೌಕವೂ ಒಳ್ಳೆಯ ಬಣ್ಣ ತೋರಿಸಿತು, ಹಾಗಾದರೆ ನೀರು ಸರಿ ಇದೆ, ಇದು ಏನೋ ರೋಗವೇ ಅಂದುಕೊಂಡು ಔಷಧ ಹಾಕುತ್ತಾರೆ. ಕೆಲವು ಔಷಧಗಳು ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತವೆ. ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುವುದು ಈ ಬ್ಯಾಕ್ಟೀರಿಯಾ. ಅಮೋನಿಯಾ ಇನ್ನಷ್ಟು ಏರುತ್ತದೆ. ಮೀನು ಹೋಗುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಡ್ರಾಪ್ ಕಿಟ್ ಅಂದರೆ ಗಾಜಿನ ಟ್ಯೂಬ್‌ಗೆ 5 ಎಂಎಲ್ ನೀರು ಹಾಕಿ, ಬಾಟಲಿಯಿಂದ ಹನಿ ಎಣಿಸಿ ಬಿಟ್ಟು, ಬಣ್ಣ ಬರುವವರೆಗೆ ಕಾಯುವುದು. ನನ್ನ ಹತ್ತಿರ ಇರುವುದು ಎಪಿಐ ಕಂಪನಿಯ ಫ್ರೆಶ್‌ವಾಟರ್ ಮಾಸ್ಟರ್ ಕಿಟ್. ಅಮೋನಿಯಾಗೆ ಎರಡು ಬಾಟಲಿಯಿಂದ ಎಂಟೆಂಟು ಹನಿ, ಐದು ನಿಮಿಷ ಕಾಯಬೇಕು. ಹಳದಿ ಇದ್ದರೆ ಸೊನ್ನೆ, ಹಸಿರು ಹೆಚ್ಚಿದಷ್ಟೂ ಅಮೋನಿಯಾ ಹೆಚ್ಚು. ನೈಟ್ರೈಟ್‌ಗೆ ಐದು ಹನಿ, ತಿಳಿ ನೀಲಿ ಇದ್ದರೆ ಒಳ್ಳೆಯದು, ನೇರಳೆ ಬಂದರೆ ತೊಂದರೆ. ಬೆಲೆ ಸ್ಟ್ರಿಪ್‌ಗಿಂತ ತುಂಬಾ ಜಾಸ್ತಿ, ನಿಜ. ಆದರೆ ಡಬ್ಬಿಯ ಮೇಲೆ 800 ಟೆಸ್ಟ್ ಅಂತ ಇದೆ. ಒಂದೊಂದು ಟೆಸ್ಟ್‌ಗೆ ಲೆಕ್ಕ ಹಾಕಿದರೆ ಅಷ್ಟೇನೂ ದುಬಾರಿ ಅಲ್ಲ.

ಈಗ ನಮ್ಮ ಕಡೆಯವರಿಗೆ ಬಹಳ ಮುಖ್ಯವಾದ ವಿಷಯ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿ ಇರುತ್ತದೆ. ಒಂದು ಅಮೋನಿಯಂ, ಅಷ್ಟೇನೂ ಅಪಾಯವಿಲ್ಲ. ಇನ್ನೊಂದು ಬಿಡಿ ಅಮೋನಿಯಾ, ಕಿವಿರು ಸುಡುವುದು ಇದೇ. ಯಾವುದು ಎಷ್ಟಿರುತ್ತದೆ ಅನ್ನುವುದನ್ನು ಪಿಎಚ್ ಮತ್ತು ಬಿಸಿ ನಿರ್ಧರಿಸುತ್ತವೆ. ಪಿಎಚ್ ಒಂದು ಅಂಕ ಏರಿದರೆ ವಿಷದ ಪಾಲು ಹೆಚ್ಚುಕಡಿಮೆ ಹತ್ತು ಪಟ್ಟು ಏರುತ್ತದೆ. ಬೆಳಗಾವಿಯ ಟ್ಯಾಂಕ್‌ನಲ್ಲಿ ಪಿಎಚ್ 6.8, ನೀರು 25 ಡಿಗ್ರಿ ಇದ್ದಾಗ ಟೆಸ್ಟ್‌ನಲ್ಲಿ 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ) ಬಂದರೆ, ಅದರಲ್ಲಿ ಬಿಡಿ ಅಮೋನಿಯಾ ಶೇಕಡಾ 0.5ರಷ್ಟೂ ಇರುವುದಿಲ್ಲ. ಅದೇ 1 ಪಿಪಿಎಂ ವಿಜಯಪುರದ ಬೇಸಿಗೆಯಲ್ಲಿ, ಪಿಎಚ್ 8.2, ನೀರು 30 ಡಿಗ್ರಿ ಇದ್ದಾಗ ಬಂದರೆ, ಶೇಕಡಾ 11ರಷ್ಟು ಬಿಡಿ ಅಮೋನಿಯಾ, ಅಂದರೆ 0.11 ಪಿಪಿಎಂ. 0.05 ದಾಟಿದರೇ ಕಿವಿರಿಗೆ ಪೆಟ್ಟು ಅಂತ ಲೆಕ್ಕ. ಟ್ಯೂಬ್‌ನಲ್ಲಿ ಕಾಣುವ ಹಸಿರು ಎರಡೂ ಕಡೆ ಒಂದೇ. ಒಂದು ಊರಲ್ಲಿ ಮೀನು ಆರಾಮಾಗಿ ಓಡಾಡುತ್ತದೆ, ಇನ್ನೊಂದು ಊರಲ್ಲಿ ಸಾಯುತ್ತದೆ. ಹಾಗಾಗಿ ಅಮೋನಿಯಾ ಮತ್ತು ಪಿಎಚ್ ಎರಡನ್ನೂ ಒಟ್ಟಿಗೇ ನೋಡಬೇಕು, ಒಂದನ್ನೇ ನೋಡಿದರೆ ಅರ್ಧ ಮಾತು ಕೇಳಿದ ಹಾಗೆ.

ಇಲ್ಲೇ ಇನ್ನೊಂದು ಸೂಕ್ಷ್ಮ ಇದೆ. ಆ ಕಿಟ್‌ನಲ್ಲಿ ಪಿಎಚ್‌ಗೆ ಎರಡು ಬಾಟಲಿ ಇರುತ್ತವೆ. ಮೊದಲನೆಯದರ ಅಳತೆ 7.6ಕ್ಕೆ ಮುಗಿಯುತ್ತದೆ. ನಮ್ಮ ಬೋರ್ ನೀರು ಅದಕ್ಕಿಂತ ಮೇಲಿದ್ದರೂ ಅದು 7.6ರ ನೀಲಿ ಬಣ್ಣವನ್ನೇ ತೋರಿಸುತ್ತದೆ. ಕಡು ನೀಲಿ ಬಂದ ಕೂಡಲೇ ಹೈ ರೇಂಜ್ ಬಾಟಲಿ ತೆಗೆದು ಮತ್ತೆ ನೋಡಿ, ಅದು 7.4ರಿಂದ 8.8ರವರೆಗೆ ಅಳೆಯುತ್ತದೆ.

ಬಾಗಲಕೋಟೆಯ ಗೆಳೆಯನ ಟ್ಯಾಂಕ್‌ನಲ್ಲಿ ಸ್ಟ್ರಿಪ್ ಮತ್ತು ಡ್ರಾಪ್ ಕಿಟ್‌ನ ವ್ಯತ್ಯಾಸ ಕಣ್ಣಿಗೆ ಕಾಣುವಂತೆ ಬಂತು. ಬೇಸಿಗೆಯ ಗಾಳಿಮಳೆಗೆ ಬಹಳ ಹೊತ್ತು ಕರೆಂಟ್ ಇರಲಿಲ್ಲ. ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕ್ ಹೊರಗಿಡುವ ಮುಚ್ಚಿದ ಡಬ್ಬಿ ಫಿಲ್ಟರ್) ನಿಂತಿತ್ತು. ನಿಂತ ಫಿಲ್ಟರಿನ ಒಳಗೆ ಆಕ್ಸಿಜನ್ ಮುಗಿದು ಬ್ಯಾಕ್ಟೀರಿಯಾ ಸಾಯುತ್ತವೆ, ಕರೆಂಟ್ ಬಂದ ಮೇಲೆ ಆ ಕೊಳೆ ನೀರೆಲ್ಲ ಟ್ಯಾಂಕ್‌ಗೇ ಬರುತ್ತದೆ. ಮರುದಿನ ಮೀನುಗಳು ರೆಕ್ಕೆ ಮಡಚಿಕೊಂಡು ತಳದಲ್ಲಿ ಕೂತಿದ್ದವು, ಬಾಲದಲ್ಲಿ ಕೆಂಪು ಗೆರೆ. ಸ್ಟ್ರಿಪ್‌ನಲ್ಲಿ ನೈಟ್ರೈಟ್ ಸೊನ್ನೆ, ನೈಟ್ರೇಟ್ ಸಾಧಾರಣ, ಎಲ್ಲಾ ಚೆನ್ನಾಗಿದೆ ಅನ್ನುವ ಬಣ್ಣಗಳು. 'ನೀರ್ ಛಲೋ ಐತಿ ಬಿಡು, ಇದು ಬ್ಯಾರೆ ಏನೋ ಬ್ಯಾನಿ' ಅಂದ. ಡ್ರಾಪ್ ಕಿಟ್ ಹಾಕಿದರೆ ಅಮೋನಿಯಾ ಕಡು ಹಸಿರು. ಔಷಧ ಏನೂ ಹಾಕಲಿಲ್ಲ. ಅರ್ಧ ನೀರು ಬದಲಿಸಿದೆವು, ಊಟ ನಿಲ್ಲಿಸಿದೆವು, ಗಾಳಿ ಹೆಚ್ಚು ಬಿಟ್ಟೆವು, ದಿನಾ ಟೆಸ್ಟ್ ಮಾಡುತ್ತಾ ಬಂದೆವು. ಆಮೇಲೆ ಕೆಲವು ಮೀನುಗಳ ಮೈಮೇಲೆ ಕಪ್ಪು ಮಚ್ಚೆ ಬಂದು ಅವನು ಮತ್ತೆ ಗಾಬರಿಯಾದ. ಅದು ಅಮೋನಿಯಾ ಸುಟ್ಟ ಜಾಗ ಮಾಯುವ ಗುರುತು. ಗೋಲ್ಡ್‌ಫಿಶ್‌ನಲ್ಲಿ ಸಾಮಾನ್ಯ, ತಾನಾಗಿಯೇ ಹೋಗುತ್ತದೆ.

ಬ್ಯಾಕ್ಟೀರಿಯಾ ಮರಳಿ ಕೂರುವಾಗ ಅಮೋನಿಯಾ ಇಳಿದು ನೈಟ್ರೈಟ್ ಏರುವ ಹಂತ ಒಂದು ಬರುತ್ತದೆ. ಹೊಸ ಟ್ಯಾಂಕ್‌ನಲ್ಲೂ ಅಷ್ಟೇ, ಪೂರ್ತಿ ಸರಿಹೋಗಲು ನಾಲ್ಕರಿಂದ ಆರು ವಾರ ಬೇಕು. ನೈಟ್ರೈಟ್ ರಕ್ತಕ್ಕೆ ಸೇರಿ ಅದು ಆಕ್ಸಿಜನ್ ಹೊರದಂತೆ ಮಾಡುತ್ತದೆ, ಕಿವಿರು ಕೆಂಪಿನ ಬದಲು ಕಂದು ಬಣ್ಣಕ್ಕೆ ತಿರುಗುತ್ತದೆ. ಏರ್ ಪಂಪ್ ಜೋರಾಗಿ ಓಡುತ್ತಿದ್ದರೂ ಮೀನು ಏದುಸಿರು ಬಿಡುತ್ತಿದ್ದರೆ ಮೊದಲು ಇದನ್ನೇ ನೋಡಿ. ನೀರು ಬದಲಿಸುವುದರ ಜೊತೆಗೆ ಲೀಟರಿಗೆ 1 ಗ್ರಾಂನಂತೆ ಅಯೋಡಿನ್ ಇಲ್ಲದ ಉಪ್ಪು ಕರಗಿಸಿ ಹಾಕಿದರೆ, ಉಪ್ಪಿನ ಕ್ಲೋರೈಡ್ ನೈಟ್ರೈಟ್ ಅನ್ನು ಕಿವಿರಿನ ಒಳಗೆ ಹೋಗದಂತೆ ತಡೆಯುತ್ತದೆ. ನೈಟ್ರೈಟ್ ವಿಷಯದಲ್ಲಿ ಸ್ಟ್ರಿಪ್ ಮತ್ತು ಡ್ರಾಪ್ ಎರಡೂ ನನಗೆ ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟಿವೆ. ನೈಟ್ರೇಟ್‌ನಲ್ಲಿ ಮಾತ್ರ ದೊಡ್ಡ ಅಂತರ. ಡ್ರಾಪ್ ಕಿಟ್‌ನ ಎರಡನೇ ನೈಟ್ರೇಟ್ ಬಾಟಲಿಯಲ್ಲಿ ಪುಡಿ ತಳಕ್ಕೆ ಕೂರುತ್ತದೆ, ಮೊದಲು ಅದನ್ನು ಅರ್ಧ ನಿಮಿಷ ಜೋರಾಗಿ ಅಲುಗಾಡಿಸಬೇಕು, ಹನಿ ಬಿಟ್ಟ ಮೇಲೆ ಟ್ಯೂಬನ್ನು ಇನ್ನೊಂದು ನಿಮಿಷ. ಹಾಗೆ ಮಾಡದಿದ್ದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

ಸ್ಟ್ರಿಪ್ ಸುಮ್ನೆ ದುಡ್ಡು ಹಾಳು ಅಂತ ಅಲ್ಲ. ಬೆಳಗಾವಿಯಲ್ಲಿ ಗೆದ್ದಿದ್ದು ಅದೇ. ಅಲ್ಲಿಯ ಊರ ನೀರು ರಾಕಸಕೊಪ್ಪ ಮತ್ತು ಹಿಡಕಲ್‌ನಿಂದ ಬರುತ್ತದೆ, ನಮ್ಮ ಬೋರ್ ನೀರಿಗೆ ಹೋಲಿಸಿದರೆ ಬಹಳ ಮೃದು. ಮಾವನ ಮಗನ ಏಂಜೆಲ್ ಮೀನುಗಳು ಮೈಮೇಲೆ ಬಿಳಿ ಲೋಳೆ ಕಟ್ಟಿಕೊಂಡು ಮೂಲೆಯಲ್ಲಿ ನಿಂತಿದ್ದವು. ಸ್ಟ್ರಿಪ್ ಅದ್ದಿದರೆ ಕೆಎಚ್ ಚೌಕ ಹೆಚ್ಚುಕಡಿಮೆ ಸೊನ್ನೆ, ಪಿಎಚ್ ಕೊನೆಯ ಬಣ್ಣಕ್ಕೆ ಇಳಿದಿತ್ತು. ಕೆಎಚ್ ಅಂದರೆ ಪಿಎಚ್ ಕುಸಿಯದಂತೆ ಹಿಡಿದಿಡುವ ಶಕ್ತಿ. ಹಳೆಯ ಟ್ಯಾಂಕ್‌ನಲ್ಲಿ ಅದು ನಿಧಾನಕ್ಕೆ ಖರ್ಚಾಗುತ್ತದೆ, ಒಂದು ದಿನ ಪಿಎಚ್ ಬೀಳುತ್ತದೆ. ಮಾಸ್ಟರ್ ಕಿಟ್‌ನಲ್ಲಿ ಕೆಎಚ್ ಬಾಟಲಿಯೇ ಇಲ್ಲ, ಬೇರೆ ಕೊಳ್ಳಬೇಕು. ಆ ಹೊತ್ತಿಗೆ ಕೆಲಸಕ್ಕೆ ಬಂದಿದ್ದು ಸ್ಟ್ರಿಪ್.

ಇಂಥ ಟ್ಯಾಂಕ್‌ನಲ್ಲಿ ಒಮ್ಮೆಲೇ ಅರ್ಧ ನೀರು ಬದಲಿಸಬೇಡಿ, ದಯವಿಟ್ಟು. ಪಿಎಚ್ ಬಿದ್ದಾಗ ಬ್ಯಾಕ್ಟೀರಿಯಾದ ಕೆಲಸ ನಿಂತು ಅಮೋನಿಯಂ ಸೇರುತ್ತಾ ಹೋಗಿರುತ್ತದೆ, ಪಿಎಚ್ ಕಡಿಮೆ ಇರುವುದರಿಂದಲೇ ಮೀನು ಹೇಗೋ ತಡೆದುಕೊಂಡಿರುತ್ತದೆ. ಹೊಸ ನೀರು ಹಾಕಿ ಪಿಎಚ್ ಏಕಾಏಕಿ ಏರಿಸಿದರೆ ಅದೆಲ್ಲ ಒಂದೇ ಸಲ ವಿಷವಾಗಿ ತಿರುಗುತ್ತದೆ. 'ನೀರು ಬದಲಿಸಿದ ದಿನವೇ ಸತ್ತವು' ಅನ್ನುವ ದೂರಿಗೆ ಇದೂ ಒಂದು ಕಾರಣ. ದಿನಕ್ಕೆ ಸ್ವಲ್ಪ ಸ್ವಲ್ಪ ಬದಲಿಸಿ, ಜೊತೆಗೆ ಕೆಎಚ್ ನಿಧಾನ ಏರಿಸಿ. 50 ಲೀಟರಿಗೆ 6 ಗ್ರಾಂ ಬೇಕಿಂಗ್ ಸೋಡಾ ಹಾಕಿದರೆ ಕೆಎಚ್ ಸುಮಾರು 4 ಡಿಗ್ರಿ ಏರುತ್ತದೆ. ಅದನ್ನೂ ಕೆಲವು ದಿನಗಳಿಗೆ ಹಂಚಿ ಹಾಕಬೇಕು.

ಬೆಳಗಾವಿಯ ಮಳೆಗಾಲ ಮಾತ್ರ ಸ್ಟ್ರಿಪ್‌ಗೆ ಶತ್ರು. ಡಬ್ಬಿ ತೆರೆದಾಗ ತೇವ ಒಳಗೆ ಹೋದರೆ ಚೌಕಗಳ ಬಣ್ಣ ಕೆಡುತ್ತದೆ. ಒದ್ದೆ ಕೈ ಹಾಕದೆ, ಬೇಗ ಮುಚ್ಚಳ ಹಾಕಿ ಇಡಬೇಕು.

ಇನ್ನು ಟಿಡಿಎಸ್ ಪೆನ್. ಅಗ್ಗ, ನೋಡಲು ಚೆಂದ, ಅಂಕಿ ನೇರ ಬರುತ್ತದೆ, ಹಾಗಾಗಿ ಎಲ್ಲರ ಕೈಯಲ್ಲೂ ಇದೆ. ಆದರೆ ಅದು ಅಳೆಯುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅನ್ನುವುದನ್ನು, ಅದರಿಂದ ಕರಗಿದ ಲವಣದ ಅಂದಾಜು ಹೇಳುತ್ತದೆ. ಅಮೋನಿಯಾ 2 ಪಿಪಿಎಂ ಇದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಬೆಳಗಾವಿಯ ಆ ಟ್ಯಾಂಕ್‌ನಲ್ಲಿ ಟಿಡಿಎಸ್ ಕಡಿಮೆಯೇ ಇತ್ತು, ಮೀನು ಸಾಯುವ ಸ್ಥಿತಿಯಲ್ಲಿದ್ದವು. ಕಾಯಿಲೆ ಹುಡುಕಲು ಪೆನ್ ನಂಬಬೇಡಿ.

ಅದರ ಕೆಲಸ ಬೇರೆ ಕಡೆ ಇದೆ, ಮತ್ತೆ ವಿಜಯಪುರದಂಥ ಊರಲ್ಲಿ ಆ ಕೆಲಸ ಸಣ್ಣದಲ್ಲ. ಹೊಸ ಗಪ್ಪಿ ತಂದಾಗ ಕವರ್‌ನ ನೀರು ಮತ್ತು ನಮ್ಮ ಟ್ಯಾಂಕ್ ನೀರು ಎರಡನ್ನೂ ಅಳೆಯಿರಿ. ಒಂದು 300, ಇನ್ನೊಂದು 1200 ಇದ್ದರೆ ನೇರವಾಗಿ ಬಿಟ್ಟ ಮೀನು ಆ ಹೊಡೆತಕ್ಕೇ ಸೊರಗುತ್ತದೆ, ಅದನ್ನೇ ನಾವು ರೋಗ ಅನ್ನುತ್ತೇವೆ. ಏರ್ ಪೈಪ್‌ನಿಂದ ಹನಿಹನಿಯಾಗಿ ನೀರು ಸೇರಿಸುತ್ತಾ ಒಗ್ಗಿಸಿ. ಬೇಸಿಗೆಯಲ್ಲಿ ನೀರು ಆವಿಯಾಗಿ ಇಳಿಯುತ್ತದೆ, ಲವಣ ಅಲ್ಲೇ ಉಳಿಯುತ್ತದೆ, ಅದರ ಮೇಲೆ ಮತ್ತೆ ಬೋರ್ ನೀರೇ ತುಂಬಿದರೆ ಟಿಡಿಎಸ್ ಏರುತ್ತಲೇ ಹೋಗುತ್ತದೆ. ಇಳಿದಷ್ಟು ತುಂಬಲು ಆರ್‌ಒ ನೀರು ಒಳ್ಳೆಯದು. ಇದನ್ನು ಪೆನ್ ಇಲ್ಲದೆ ತಿಳಿಯುವುದು ಕಷ್ಟ.

ಪಿಎಚ್ ಪೆನ್ ನನಗೆ ಹಿಡಿಸಲಿಲ್ಲ. 6.86, 4.01ರ ಬಫರ್ ಪುಡಿ ಕರಗಿಸಿ ಆಗಾಗ ಸರಿಮಾಡಬೇಕು, ತುದಿ ಒಣಗಿದರೆ ಅಂಕಿ ತಪ್ಪುತ್ತದೆ. ಅಷ್ಟು ಕಷ್ಟಪಡುವುದಕ್ಕಿಂತ ಹನಿಯೇ ವಾಸಿ.

ಅಂಗಡಿಗೆ ನೀರು ಒಯ್ದು ಟೆಸ್ಟ್ ಮಾಡಿಸುವುದೂ ಒಂದು ದಾರಿ. ಹೋಗುವಾಗ ಬಾಟಲಿ ಬಾಯಿವರೆಗೆ ತುಂಬಿ ಮುಚ್ಚಿ, ಬೇಗ ಒಯ್ಯಿರಿ. ಚೆನ್ನಾಗಿದೆ ಅನ್ನುವ ಮಾತು ಸಾಲದು, ಅಮೋನಿಯಾ ಎಷ್ಟು ಬಂತು ಅಂತ ಅಂಕಿ ಕೇಳಿ.

ನಳದ ನೀರು ಬಳಸುವವರು ಕ್ಲೋರಿನ್ ಟೆಸ್ಟ್‌ನ ಸಣ್ಣ ಬಾಟಲಿಯೊಂದನ್ನು ಇಟ್ಟುಕೊಳ್ಳಿ, ನೀರು ಬಿಡುವವರು ಬಳಸುವಂಥದ್ದು. ಹನಿ ಬಿಟ್ಟಾಗ ಹಳದಿ ಬಂದರೆ ಕ್ಲೋರಿನ್ ಇದೆ, ಆ ನೀರನ್ನು ಹಾಗೇ ಹಾಕಬೇಡಿ.

ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 40ರ ಒಳಗೆ, ಪಿಎಚ್ ಎಂದಿನಂತೆ, ಆದರೂ ಮೀನು ಮೇಲೆ ಬಂದು ಬಾಯಿ ಬಿಡುತ್ತಿದೆ ಅಂದರೆ ಥರ್ಮಾಮೀಟರ್ ನೋಡಿ. 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಕ್ಸಿಜನ್ ಹಿಡಿಯುತ್ತದೆ, 35 ಡಿಗ್ರಿಗೆ ಅದು 7ಕ್ಕೆ ಇಳಿಯುತ್ತದೆ. ಮೇ ತಿಂಗಳ ಮಧ್ಯಾಹ್ನ ನಮ್ಮ ಕಡೆ ಇದೇ ಕಾರಣ ಜಾಸ್ತಿ. ಅದೂ ಸರಿ ಇದ್ದರೆ ಮಾತ್ರ ರೋಗದ ಕಡೆ ನೋಡಿ. ಉಪ್ಪು ಉದುರಿಸಿದಂಥ ಬಿಳಿ ಚುಕ್ಕೆ, ಹತ್ತಿಯಂಥ ಬೂಷ್ಟು, ಇವನ್ನು ಯಾವ ಕಿಟ್ಟೂ ತೋರಿಸುವುದಿಲ್ಲ, ಕಣ್ಣೇ ನೋಡಬೇಕು.

ಕೊಳ್ಳುವುದಾದರೆ ವಿಜಯಪುರ, ಬಾಗಲಕೋಟೆಯ ಬೋರ್ ನೀರಿನವರು ಮೊದಲು ಅಮೋನಿಯಾ ಡ್ರಾಪ್ ಮತ್ತು ಹೈ ರೇಂಜ್ ಪಿಎಚ್ ತಗೊಳ್ಳಿ, ಇವು ಬಿಡಿಯಾಗಿಯೂ ಸಿಗುತ್ತವೆ, ಆಮೇಲೆ ಟಿಡಿಎಸ್ ಪೆನ್. ಬೆಳಗಾವಿಯವರಿಗೆ ಅಮೋನಿಯಾ ಡ್ರಾಪ್ ಜೊತೆ ಕೆಎಚ್ ಇರುವ ಸ್ಟ್ರಿಪ್ ಸಾಕು, ಪೆನ್ ಬೇಡ. ದುಡ್ಡಿದ್ದರೆ ಎಲ್ಲರೂ ಪೂರ್ತಿ ಕಿಟ್. ಕೊಳ್ಳುವಾಗ ಬಾಟಲಿಗಳ ಮೇಲಿನ ತಾರೀಖು ನೋಡಿಯೇ ತಗೊಳ್ಳಿ, ಮನೆಯಲ್ಲಿ ಬಿಸಿಲು ಬೀಳದ ಕಡೆ ಇಡಿ.