ಮೂರು ಡಬ್ಬಿ ಕ್ಯಾಪ್ಸೂಲ್, ಒಂದು ತೂಕದ ಲೆಕ್ಕ

ಮೂರು ಡಬ್ಬಿ, ತೊಂಬತ್ತು ಕ್ಯಾಪ್ಸೂಲ್, 3,150 ರೂಪಾಯಿ. ಗಂಡಸರ ವೀರ್ಯಾಣು ಹೆಚ್ಚುತ್ತದೆ ಎಂದು ಹೇಳಿ ಮಾರುವ ಪೌಷ್ಟಿಕ ಕ್ಯಾಪ್ಸೂಲ್ ಇದು. ಏಪ್ರಿಲ್‌ನಿಂದ ಜೂನ್‌ವರೆಗೆ ದಿನಕ್ಕೊಂದರಂತೆ ನುಂಗಿದ್ದೇನೆ. ಕಲಬುರಗಿಯ ನೆಹರೂ ಗಂಜ್‌ನಲ್ಲಿ, ಒಂದು ದಲಾಲಿ ಅಂಗಡಿಯಲ್ಲಿ ತೊಗರಿ ತೂಕದ ಚೀಟಿ ಬರೆಯುವುದು ನನ್ನ ಕೆಲಸ. ಹಾಗಾಗಿ ಈ ಡಬ್ಬಿಯನ್ನೂ ತೂಗಿಯೇ ನೋಡಿದೆ. ಐದಕ್ಕೆ ಎರಡು ಅಂಕ.

ಮದುವೆಯಾಗಿ ನಾಲ್ಕು ವರ್ಷ ಆಯಿತು. ಅದರಲ್ಲಿ ಎರಡು ವರ್ಷ ಆಸ್ಪತ್ರೆಗೆ ಓಡಾಡಿದ್ದು ಹೆಂಡತಿ ಒಬ್ಬಳೇ. ಸ್ಕ್ಯಾನು, ರಕ್ತ, ಟ್ಯೂಬಿನ ಪರೀಕ್ಷೆ ಎಲ್ಲ ಅವಳಿಗೆ. ನಾನು ಹೊರಗೆ ಬೈಕಿನ ಮೇಲೆ ಕೂತು ಗುಟ್ಕಾ ಹಾಕುತ್ತಿದ್ದೆ. ಕೊನೆಗೆ ಡಾಕ್ಟರಮ್ಮ, "ಯಜಮಾನರದ್ದು ಟೆಸ್ಟ್ ಮಾಡ್ಸೀರೇನು?" ಎಂದು ಕೇಳಿದರು. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಇರುತ್ತದಂತೆ. ಆ ಮಾತು ಬಂದಾಗ ಹೆಂಡತಿ ನನ್ನ ಕಡೆ ನೋಡಲೇ ಇಲ್ಲ. ಅದೇ ಜಾಸ್ತಿ ಚುಚ್ಚಿತು.

ಶರಣಬಸವೇಶ್ವರ ಜಾತ್ರೆ ಮುಗಿದ ವಾರ ವೀರ್ಯ ಪರೀಕ್ಷೆಗೆ ಹೋದೆ. ಅದಕ್ಕೆ ಮೊದಲು ಎರಡರಿಂದ ಏಳು ದಿನ ವೀರ್ಯ ಹೊರಹೋಗದಂತೆ ಇದ್ದು ಹೋಗಬೇಕು. ಲ್ಯಾಬಿನವರು ತೋರಿಸಿದ್ದು ಬಕೆಟ್, ಮಗ್ ಇದ್ದ ಸಾದಾ ಬಾತ್‌ರೂಮು. ಹೊರಗಿನಿಂದ ಒಬ್ಬ ಎರಡು ಸಲ ಬಾಗಿಲು ಬಡಿದು "ಆಯ್ತೇನ್ರೀ?" ಎಂದ. ಲ್ಯಾಬಿನ ಹೆಸರು ಬೇಡ ಬಿಡಿ. ವರದಿಯಲ್ಲಿ ಒಂದು ಎಂಎಲ್‌ಗೆ 90 ಲಕ್ಷ ವೀರ್ಯಾಣು, ಚಲನೆ (ಅಂದರೆ ಅವುಗಳಲ್ಲಿ ಓಡಾಡುವಂಥವು) 28%. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಗಡಿ 1.6 ಕೋಟಿ, 42%. ಗಡಿಗಿಂತ ಕಡಿಮೆ ಇದ್ದರೆ ಮಕ್ಕಳೇ ಆಗುವುದಿಲ್ಲ ಅಂತಲ್ಲ, ಒಂದೇ ಪರೀಕ್ಷೆ ನಂಬಬೇಡಿ, ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಿ ಎಂದರು ಡಾಕ್ಟರಮ್ಮ. ವೀರ್ಯಾಣು ತಯಾರಾಗುವುದಕ್ಕೇ ಸುಮಾರು 70–75 ದಿನ ಬೇಕು, ಆಮೇಲೆ ಹೊರಬರಲು ಇನ್ನೂ ಕೆಲವು ದಿನ.

ಇದು ಗೊತ್ತಿದ್ದರೂ ಮೆಡಿಕಲ್‌ನಲ್ಲಿ ಮೋಸ ಹೋದೆ. ಅಂಗಡಿಯವನು ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿ, ದನಿ ತಗ್ಗಿಸಿ, "ಒಂದ್ ತಿಂಗಳದಾಗ ರಿಸಲ್ಟ್ ಗ್ಯಾರಂಟಿ ಅದರೀ ಅಣ್ಣಾ" ಎಂದ. ಎಪ್ಪತ್ತು ದಿನದ ಬೆಳೆಯನ್ನು ಮೂವತ್ತು ದಿನಕ್ಕೆ ಕೊಯ್ಯುತ್ತಾನಂತೆ! ಅಷ್ಟೇ ಅಲ್ಲ, ಬೇಕಾದರೆ ಟೆಸ್ಟೋಸ್ಟಿರೋನ್ ಇಂಜೆಕ್ಷನ್ನೂ ಸಿಗುತ್ತದೆ ಎಂದ. ಪುಣ್ಯಕ್ಕೆ ಅದನ್ನು ಡಾಕ್ಟರಮ್ಮನಿಗೆ ಕೇಳಿದೆ. ಹೊರಗಿನಿಂದ ಆ ಹಾರ್ಮೋನು ಕೊಟ್ಟರೆ ಒಳಗೆ ವೀರ್ಯಾಣು ತಯಾರಾಗುವುದೇ ನಿಲ್ಲಬಹುದಂತೆ. ಜಿಮ್ಮಿಗೆ ಹೋಗುವ ಹುಡುಗರು ಇದನ್ನು ನೆನಪಿಡಬೇಕು.

ಈಗ ಡಬ್ಬಿಯ ವಿಷಯ. ಮುಂದೆ ದೊಡ್ಡಕ್ಷರದಲ್ಲಿ ಎಲ್-ಕಾರ್ನಿಟಿನ್, ಕೋಎನ್‌ಜೈಮ್ ಕ್ಯೂ10, ಲೈಕೋಪೀನ್, ಝಿಂಕ್, ಸೆಲೆನಿಯಂ. ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಅವುಗಳ ತೂಕ. ಅಕ್ಕನ ಮಗ ಬಿ.ಫಾರ್ಮ ಓದುತ್ತಾನೆ, ಅವನನ್ನು ಕೂರಿಸಿಕೊಂಡು ಓದಿಸಿದೆ. ಝಿಂಕ್ 12 ಮಿಲಿಗ್ರಾಂ. ಗಂಡಸಿಗೆ ದಿನಕ್ಕೆ 17 ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಅದು ಪರವಾಗಿಲ್ಲ. ಆದರೆ ಎಲ್-ಕಾರ್ನಿಟಿನ್ ಬರೀ 50 ಮಿಲಿಗ್ರಾಂ! "ಮಾಮಾ, ಇದರ ಮೇಲೆ ನಡೆದ ಅಧ್ಯಯನದಾಗ ದಿನಕ್ಕೆ ಸಾವಿರ, ಅದಕ್ಕೂ ಜಾಸ್ತಿ ಕೊಟ್ಟಾರ" ಎಂದ. ಕ್ವಿಂಟಲ್ ತೊಗರಿಗೆ ಪಟ್ಟಿ ಬರೆದು ಸ್ಯಾಂಪಲ್ ಹಿಡಿ ಕೊಟ್ಟು ಕಳಿಸಿದ ಹಾಗಾಯಿತಲ್ವಾ? ಮೂಲೆಯಲ್ಲಿ ಇನ್ನೊಂದು ಸಾಲು: ಔಷಧವಾಗಿ ಬಳಸಲು ಅಲ್ಲ. ಅಂಗಡಿಯವನ ಗ್ಯಾರಂಟಿಗೆ ಡಬ್ಬಿಯೇ ಸಾಕ್ಷಿ ಹೇಳಲಿಲ್ಲ.

ಮೊದಲ ವಾರ ಬೆಳಗ್ಗೆ ಚಹಾಕ್ಕೆ ಮೊದಲೇ ನುಂಗುತ್ತಿದ್ದೆ. ಅಂಗಡಿಗೆ ಹೋಗುವಷ್ಟರಲ್ಲಿ ಹೊಟ್ಟೆ ತೊಳಸುತ್ತಿತ್ತು. ಝಿಂಕ್ ಖಾಲಿ ಹೊಟ್ಟೆಗೆ ಹಾಗೆ ಮಾಡುತ್ತದಂತೆ. ಕ್ಯೂ10 ಕೂಡ ಎಣ್ಣೆ ಜಿಡ್ಡಿನ ಊಟದ ಜೊತೆಗೇ ಚೆನ್ನಾಗಿ ಸೇರುವುದು. ಮಧ್ಯಾಹ್ನ ರೊಟ್ಟಿ ಉಂಡ ಮೇಲೆ ತೆಗೆದುಕೊಳ್ಳಲು ಶುರು ಮಾಡಿದೆ, ತೊಂದರೆ ನಿಂತಿತು.

ಇನ್ನೊಂದು ಪಜೀತಿ. ಎರಡನೇ ಡಬ್ಬಿ ಮುಗಿಯುವ ಹೊತ್ತಿಗೆ ಅವ್ವನ ಕಣ್ಣಿಗೆ ಬಿತ್ತು. "ಇದೇನಪಾ, ಇದರ ಮ್ಯಾಲ ಕಂದು ಗುರುತು ಅದ?" ಕ್ಯಾಪ್ಸೂಲಿನ ಸಿಪ್ಪೆ ಜೆಲಟಿನ್, ಅದು ಪ್ರಾಣಿಗಳಿಂದ ಬರುವುದು. ಲಿಂಗವಂತರ ಮನೆ, ಐವತ್ತು ದಿನ ನುಂಗಿ ಆಗಿತ್ತು. ಅವ್ವ ಡಬ್ಬಿಯನ್ನು ಅಡುಗೆಮನೆಯಿಂದ ಹೊರಗೆ ಹಾಕಿದಳು, ನನ್ನ ಬೈಕಿನ ಡಿಕ್ಕಿಗೆ ಹೋಯಿತು. ಸಸ್ಯಾಹಾರಿಗಳು ಹಸಿರು ಗುರುತು ನೋಡಿ ತನ್ನಿ, ಅಂಥವೂ ಸಿಗುತ್ತವೆ.

ಜುಲೈ ಮೊದಲ ವಾರ ಎರಡನೇ ಪರೀಕ್ಷೆ. 1.4 ಕೋಟಿ, ಚಲನೆ 36%. ಗಡಿ ಮುಟ್ಟಲಿಲ್ಲ, ಆದರೂ ಏರಿದೆ. ಮನೆಯಲ್ಲಿ ಖುಷಿ. ನಾನೂ ಅವತ್ತೇ ಐದಕ್ಕೆ ಐದು ಅಂಕ ಕೊಡಲು ಹೊರಟಿದ್ದೆ. ರಾತ್ರಿ ಲೆಕ್ಕ ಹಾಕಿದಾಗ ಕೈ ತಡೆಯಿತು. ಫೆಬ್ರವರಿಯಲ್ಲಿ ನನಗೆ ಟೈಫಾಯ್ಡ್ ಬಂದು 103 ಡಿಗ್ರಿ ಜ್ವರ ಇತ್ತು. ಜೋರು ಜ್ವರ ಬಂದರೆ ಎರಡು ಮೂರು ತಿಂಗಳು ಕೌಂಟ್ ಬೀಳುತ್ತದೆ, ಆಮೇಲೆ ತಾನಾಗಿಯೇ ಏರುತ್ತದೆ. ಏಪ್ರಿಲ್‌ನಲ್ಲಿ ಗುಟ್ಕಾ ಬಿಟ್ಟೆ. ಬಿಗಿ ಜೀನ್ಸ್ ಬಿಟ್ಟು ಸಡಿಲ ಪ್ಯಾಂಟು ಹಾಕಿದೆ, ಯಾಕೆಂದರೆ ಆ ಜಾಗ ಮೈಬಿಸಿಗಿಂತ ಎರಡು ಮೂರು ಡಿಗ್ರಿ ತಣ್ಣಗಿರಬೇಕು. ನಮ್ಮೂರ ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲು, ಎಷ್ಟು ತಣ್ಣಗಿತ್ತೋ ದೇವರೇ ಬಲ್ಲ. ಸಾಲದ್ದಕ್ಕೆ, ಯಾವ ಬದಲಾವಣೆಯೂ ಇಲ್ಲದೆ ಒಂದು ಪರೀಕ್ಷೆಯಿಂದ ಇನ್ನೊಂದಕ್ಕೆ ಅಂಕಿ ಹೆಚ್ಚುಕಡಿಮೆ ಆಗುತ್ತದೆ. ನಾಲ್ಕು ಚೀಲ ಒಟ್ಟಿಗೆ ಕಾಟಾದ ಮೇಲೆ ಇಟ್ಟು, ಯಾವ ಚೀಲ ಎಷ್ಟು ತೂಗಿತು ಎಂದು ಕೇಳಿದರೆ ಗಂಜ್‌ನಲ್ಲಿ ನಗುತ್ತಾರೆ.

ಅಳಿಯ ಒಂದು ಅಧ್ಯಯನವನ್ನೂ ತೋರಿಸಿದ. 2020ರಲ್ಲಿ ಅಮೆರಿಕದ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. 2,370 ಜೋಡಿಗಳು. ಅರ್ಧ ಗಂಡಸರಿಗೆ ಆರು ತಿಂಗಳು ಝಿಂಕ್ ಮತ್ತು ಫೋಲಿಕ್ ಆಮ್ಲ, ಉಳಿದರ್ಧಕ್ಕೆ ಸುಮ್ನೆ ಹುಸಿ ಮಾತ್ರೆ. ಮಗು ಹುಟ್ಟಿದ್ದು ಮಾತ್ರೆ ತಗೊಂಡವರಲ್ಲಿ 34%, ಹುಸಿ ಮಾತ್ರೆಯವರಲ್ಲಿ 35%. ಹೊಟ್ಟೆನೋವು, ವಾಂತಿ ಮಾತ್ರ ಮೊದಲಿನವರಿಗೆ ಜಾಸ್ತಿ. ಬೇರೆ ಪುಷ್ಟಿಗಳ ಬಗ್ಗೆ ಒಂದಷ್ಟು ಒಳ್ಳೆಯ ಮಾತೂ ಇದೆ, ಆದರೆ ಗಟ್ಟಿ ಪುರಾವೆ ಅಲ್ಲ.

ಎರಡು ಅಂಕ ಯಾಕೆಂದರೆ, ಒಂದು, ಪ್ರತಿಯೊಂದರ ತೂಕವನ್ನೂ ಮುಚ್ಚಿಡದೆ ಬರೆದಿದ್ದಾರೆ. ಆನ್‌ಲೈನ್‌ನಲ್ಲಿ ತರಿಸಿದ ಇನ್ನೊಂದು ಪುಡಿಯ ಮೇಲೆ ಶಿಲಾಜಿತ್, ಅಶ್ವಗಂಧ ಎಲ್ಲ ಸೇರಿ 800 ಮಿಲಿಗ್ರಾಂ ಅಂತಿತ್ತು, ಯಾವುದು ಎಷ್ಟು ಎಂದೇ ಇರಲಿಲ್ಲ. ಅದನ್ನು ಬಿಚ್ಚಲೂ ಇಲ್ಲ. ಇನ್ನೊಂದು ಅಂಕ, ದಿನಾ ಡಬ್ಬಿ ತೆಗೆಯುವಾಗ ಗುಟ್ಕಾ ಬಿಟ್ಟದ್ದು ನೆನಪಾಗುತ್ತಿತ್ತು, ಅದಕ್ಕೆ. ಪರೀಕ್ಷೆಗೆ ಮಾತ್ರ ಪೂರ್ತಿ ಐದು, ಬಾತ್‌ರೂಮಿನ ಸಮೇತ.

ನಾಲ್ಕನೇ ಡಬ್ಬಿ ತರಲು ಹೊರಟಾಗ ಹೆಂಡತಿ, "ಸಾಕ್ರೀ, ಆ ರೊಕ್ಕ ಮುಂದಿನ ಟೆಸ್ಟಿಗೆ ಇಡ್ರಿ" ಎಂದಳು. ಇಟ್ಟಿದ್ದೇನೆ. ಅಂದ ಹಾಗೆ ಖಾಲಿ ಡಬ್ಬಿ ಗಟ್ಟಿ ಇದೆ, ಮುಚ್ಚಳ ಬಿಗಿ. ಒಂದರಲ್ಲಿ ಅವ್ವ ಅಗಸಿ ಹಿಂಡಿ ತುಂಬಿಟ್ಟಿದ್ದಾಳೆ, ಕಂದು ಗುರುತಿನ ಮೇಲೆ ವಿಭೂತಿ ಹಚ್ಚಿ.