ಆಕ್ಸ್‌ಫರ್ಡ್ ಕಾಲುವೆಯಲ್ಲಿ ಬಾಡಿಗೆ ನ್ಯಾರೋಬೋಟ್: ಲಾಕ್ ಇರುವ ದಾರಿಯನ್ನೇ ಹಿಡಿಯಿರಿ

ಇಂಗ್ಲೆಂಡಿನ ಕಾಲುವೆಗಳಲ್ಲಿ ಓಡುವ, ಒಳಗೇ ಉಂಡು ಮಲಗಬಹುದಾದ ಕಿರಿದಾದ ಉದ್ದನೆಯ ದೋಣಿ ನ್ಯಾರೋಬೋಟ್. ಅದನ್ನು ಬಾಡಿಗೆಗೆ ಹಿಡಿಯುತ್ತೇವೆ ಅಂದರೆ ಸಾಕು, ಮೊದಲ ಸಲ ತಾನೇ, ಲಾಕ್ ಇಲ್ಲದ ದಾರಿ ನೋಡಿಕೊಳ್ಳಿ ಅನ್ನುತ್ತಾರೆ. ಲಾಕ್ ಅಂದರೆ ಗೇಟುಗಳ ನಡುವೆ ನೀರು ತುಂಬಿಸಿ ಇಲ್ಲವೇ ಇಳಿಸಿ ದೋಣಿಯನ್ನು ಮೇಲಕ್ಕೋ ಕೆಳಕ್ಕೋ ದಾಟಿಸುವ ತೊಟ್ಟಿ. ನಾನು ಇದನ್ನು ಒಪ್ಪುವುದಿಲ್ಲ. ಲಾಕ್ ಇಲ್ಲದಿದ್ದರೆ ಒಬ್ಬರು ಚುಕ್ಕಾಣಿ ಹಿಡಿದು ನಿಲ್ಲುತ್ತಾರೆ, ಉಳಿದವರು ಒಳಗೆ ಕೂತು ಫೋನ್ ನೋಡುತ್ತಾರೆ. ಲಾಕ್ ಇದ್ದರೆ ಮನೆಯವರಿಗೆಲ್ಲ ಕೆಲಸ ಸಿಗುತ್ತದೆ.

ದಾವಣಗೆರೆಯಿಂದ ಅಪ್ಪ ಅಮ್ಮ ಬಂದಿದ್ದರು. ನಾವಿರುವುದು ಕೊವೆಂಟ್ರಿಯಲ್ಲಿ. ಹತ್ತಿರದ ನ್ಯಾಪ್ಟನ್ ಕಡೆಯಿಂದ ಹೊರಟು ಬ್ಯಾನ್‌ಬರಿಯವರೆಗೆ ಹೋಗಿ ವಾಪಸ್ ಬಂದೆವು. ಇದು ದಕ್ಷಿಣ ಆಕ್ಸ್‌ಫರ್ಡ್ ಕಾಲುವೆ. ಕಾಲುವೆ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಯೋಜನೆ ಹಾಕಿದ್ದು. ಅವರು 1772ರಲ್ಲೇ ತೀರಿಕೊಂಡರು, ಕಾಲುವೆ ಆಕ್ಸ್‌ಫರ್ಡ್ ಮುಟ್ಟಿದ್ದು 1790ರಲ್ಲಿ. ಕೊವೆಂಟ್ರಿ ಕಡೆಯ ಕಲ್ಲಿದ್ದಲು ಕುದುರೆ ಎಳೆಯುವ ದೋಣಿಗಳಲ್ಲಿ ಹೋಗುತ್ತಿದ್ದ ದಾರಿ ಇದು.

ದೋಣಿಯ ಅಗಲ ಏಳು ಅಡಿಗೂ ಒಂಚೂರು ಕಡಿಮೆ. ಇಲ್ಲಿನ ಲಾಕುಗಳ ಅಗಲವೇ ಸುಮಾರು ಏಳು ಅಡಿ. ಉದ್ದ ಮಾತ್ರ ಐವತ್ತು ಅಡಿ ದಾಟುತ್ತದೆ. ಒಳಗೆ ಎದುರಾಬದುರಾ ಬಂದರೆ ಒಬ್ಬರು ಮೈ ತಿರುಗಿಸಿ ದಾರಿ ಬಿಡಬೇಕು. ಓಡಿಸಲು ಲೈಸೆನ್ಸ್ ಬೇಡ. ಗಂಟೆಗೆ 4 ಮೈಲಿ ಮಿತಿ, ಕಟ್ಟಿ ನಿಲ್ಲಿಸಿದ ದೋಣಿಗಳ ಪಕ್ಕ ಅದಕ್ಕಿಂತಲೂ ನಿಧಾನ. ಚುಕ್ಕಾಣಿ ಎಡಕ್ಕೆ ತಳ್ಳಿದರೆ ಮೂತಿ ಬಲಕ್ಕೆ ಹೋಗುತ್ತದೆ. ನನ್ನ ಗಂಡನಿಗೆ ಇದು ಮೊದಲ ಮಧ್ಯಾಹ್ನವೇ ಕೈಗೆ ಹತ್ತಿತು.

ನ್ಯಾಪ್ಟನ್‌ನಲ್ಲಿ ಒಂದರ ಹಿಂದೆ ಒಂದು ಒಂಬತ್ತು ಲಾಕ್ ಹತ್ತಬೇಕು. ನಮ್ಮಪ್ಪ ಭದ್ರಾ ನಾಲೆಯ ಕಚೇರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಮೊದಲ ಲಾಕ್ ನೋಡಿದ ಕೂಡಲೇ, "ಇದು ತೂಬು ಎತ್ತೋ ಕೆಲಸಾನೇ ಕಣಮ್ಮ" ಅಂದು ವಿಂಡ್ಲಾಸ್ ಕೈಗೆ ತೆಗೆದುಕೊಂಡರು. ಕಬ್ಬಿಣದ ಈ ಹ್ಯಾಂಡಲ್‌ನಿಂದ ಹಲ್ಲುಗಾಲಿ ತಿರುಗಿಸಿದರೆ ನೀರಿನಡಿಯ ಹಲಗೆ ಮೇಲೇಳುತ್ತದೆ. ನೀರು ನುಗ್ಗುತ್ತದೆ, ದೋಣಿ ಏರುತ್ತದೆ. ಎರಡೂ ಕಡೆಯ ನೀರಿನ ಮಟ್ಟ ಸಮ ಆಗುವವರೆಗೆ ಗೇಟು ಎಷ್ಟು ನೂಕಿದರೂ ಅಲ್ಲಾಡುವುದಿಲ್ಲ. ಸಮ ಆದ ಮೇಲೆ ಉದ್ದನೆಯ ಮರದ ತೊಲೆಗೆ ಬೆನ್ನು ಕೊಟ್ಟು ಒತ್ತಿದರೆ ಅರವತ್ತೈದು ದಾಟಿದ ನಮ್ಮಪ್ಪನೂ ತೆರೆಯಬಲ್ಲರು. ಮೋಟಾರಿಲ್ಲ, ಕರೆಂಟಿಲ್ಲ.

ಒಂದು ದೋಣಿ ದಾಟಿಸಲು ಸುಮಾರು 1 ಲಕ್ಷ ಲೀಟರ್ ನೀರು ಕೆಳಗೆ ಇಳಿಯುತ್ತದೆ. ಅಪ್ಪನಿಗೆ ಅದೇ ಚಿಂತೆ: ಮೇಲೆ ನೀರು ಎಲ್ಲಿಂದ ಬರುತ್ತದೆ? ಬೋಡಿಂಗ್ಟನ್, ಕ್ಲಾಟರ್‌ಕೋಟ್, ವರ್ಮ್‌ಲೈಟನ್ ಕೆರೆಗಳಿಂದ ಅಂತ ಲಾಕಿನ ಬಳಿ ನಿಂತಿದ್ದ ಸ್ವಯಂಸೇವಕರು ಹೇಳಿದರು. ಮಳೆ ಕಡಿಮೆಯಾದ ವರ್ಷ ಲಾಕ್ ತೆರೆಯುವ ಹೊತ್ತನ್ನೇ ಕಡಿತ ಮಾಡುತ್ತಾರಂತೆ. ಈಗ ಕಾಲುವೆ ನೋಡಿಕೊಳ್ಳುವುದು ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ಧರ್ಮದತ್ತಿ ಸಂಸ್ಥೆ, 2012ರಿಂದ. ಅಪ್ಪನೂ ಆ ಸ್ವಯಂಸೇವಕರೂ ನೀರಿನ ಲೆಕ್ಕ ಮಾತಾಡುತ್ತಾ ನಿಂತರು. ಅಪ್ಪನ ಇಂಗ್ಲಿಷಿಗೆ ನಾನು ನಡುವೆ ಬಾಯಿ ಹಾಕುವ ಅಗತ್ಯವೇ ಬೀಳಲಿಲ್ಲ. ಇಂಥ ಮಾತುಕತೆ ಲಾಕಿನ ಹತ್ತಿರ ಮಾತ್ರ ಹುಟ್ಟುತ್ತದೆ, ಯಾಕೆಂದರೆ ಅಲ್ಲಿ ಎಲ್ಲರೂ ಕಾಯಲೇಬೇಕು.

ಅಮ್ಮನಿಗೆ ಮಂಡಿ ನೋವು. ಅವರು ದಡದ ದಾರಿಯಲ್ಲಿ ನಿಧಾನಕ್ಕೆ ನಡೆದು ಬಂದರು. ಲಾಕಿನ ಪಕ್ಕದ ಗದ್ದೆಯಲ್ಲಿ ಎಮ್ಮೆ ಹಿಂಡು! ನಿಜವಾದ ಎಮ್ಮೆಗಳು, ವಾರ್ವಿಕ್‌ಶೈರಿನಲ್ಲಿ. ಅಮ್ಮ ಅಲ್ಲಿಂದ ಕದಲಲೇ ಇಲ್ಲ.

ಒಂಬತ್ತು ಲಾಕ್ ಮುಗಿದ ಮೇಲೆ ಸುಮಾರು 11 ಮೈಲಿ ಒಂದೂ ಲಾಕ್ ಇಲ್ಲ. ಬ್ರಿಂಡ್ಲಿ ಗುಡ್ಡ ಕಡಿಯುವ ಬದಲು ನೆಲದ ಏರಿಳಿತ ನೋಡಿಕೊಂಡು ಸುತ್ತಿಸಿದ್ದಾರೆ. ಹಾಗಾಗಿ ಒಂದೇ ತೋಟದ ಮನೆ ಒಮ್ಮೆ ಎಡಕ್ಕೆ, ಆಮೇಲೆ ಬಲಕ್ಕೆ ಕಾಣುತ್ತದೆ. ಚೆನ್ನಾಗಿದೆ, ಆದರೆ ಎರಡು ಗಂಟೆಯಾದ ಮೇಲೆ ಎಲ್ಲರೂ ಮುಂದೆ ಬರುವ ಕ್ಲೇಡನ್ ಲಾಕ್ ಯಾವಾಗ ಅಂತ ಕೇಳತೊಡಗಿದರು. ನನ್ನ ಮಾತಿಗೆ ಇನ್ನೇನು ಸಾಕ್ಷಿ ಬೇಕು?

ಅಡುಗೆಮನೆ ಚಿಕ್ಕದು, ಆದರೆ ಗ್ಯಾಸ್ ಒಲೆ ಗಟ್ಟಿ. ಕುಕ್ಕರ್ ಇಟ್ಟು ಅನ್ನ ಸಾರು ಮಾಡಿದೆವು. ಮಿಕ್ಸಿ ಮಾತ್ರ ಮನೆಯಲ್ಲೇ ಬಿಡಿ, ನಮ್ಮ ದೋಣಿಯ ಇನ್ವರ್ಟರ್ ಅದನ್ನು ತಡೆಯುತ್ತಿರಲಿಲ್ಲ. ಚಟ್ನಿಪುಡಿ, ಉಪ್ಪಿನಕಾಯಿ, ಅವಲಕ್ಕಿ ಜಾಸ್ತಿ ಒಯ್ಯಿರಿ. ರಾತ್ರಿ 8ರಿಂದ ಬೆಳಗ್ಗೆ 8ರವರೆಗೆ ನಿಲ್ಲಿಸಿದ ಜಾಗದಲ್ಲಿ ಎಂಜಿನ್ ಹಾಕಬಾರದು. ಫೋನ್ ಚಾರ್ಜನ್ನು ಹಗಲಲ್ಲೇ ಮುಗಿಸಿಕೊಳ್ಳಬೇಕು.

ಇನ್ನು ದೂರು. ದೋಣಿ ಕೈಗೊಪ್ಪಿಸುವಾಗ ಕಂಪನಿಯವರು ತುಂಬಾ ಅವಸರ ಮಾಡಿದರು. ಎಂಜಿನ್, ಟಾಯ್ಲೆಟ್, ಹೀಟರ್ ಎಲ್ಲ ತೋರಿಸಿ ಲಾಕ್ ಬಗ್ಗೆ ಒಂದು ವಿಡಿಯೋ ನೋಡಿ ಅಂದುಬಿಟ್ಟರು. ಇದು ಸರಿಯಲ್ಲ. ಲಾಕ್ ಇಳಿಯುವಾಗ ಹಿಂದಿನ ಗೇಟಿನ ಬುಡದಲ್ಲಿ ಒಂದು ಕಟ್ಟೆ ಇರುತ್ತದೆ. ದೋಣಿಯ ಹಿಂಭಾಗ ಅದರ ಮೇಲೆ ಕೂತರೆ ನೀರು ಇಳಿದಂತೆ ಮುಂಭಾಗ ಮುಳುಗುತ್ತದೆ. ಅದಕ್ಕೇ ಗೋಡೆ ಮೇಲೆ ಬಿಳಿ ಗೆರೆ ಹಾಕಿದ್ದಾರೆ, ಅದರಿಂದ ಮುಂದೆಯೇ ಇರಬೇಕು. ಇದನ್ನು ಬಾಡಿಗೆಗೆ ಕೊಡುವವರು ಲಾಕಿನ ಬಳಿ ನಿಂತು ತೋರಿಸಬೇಕು, ಅಲ್ವಾ? ಸ್ನಾನದ ನೀರು ಹೊರಗೆ ಹಾಕುವ ಪಂಪೂ ನಿಧಾನ. ಅದನ್ನು ಸಹಿಸಬಹುದು, ಲಾಕ್ ತೋರಿಸದೆ ಬಿಟ್ಟಿದ್ದನ್ನಲ್ಲ.

ಬಾಡಿಗೆ ಕಡಿಮೆಯೇನಲ್ಲ, ಶಾಲೆ ರಜೆಯಲ್ಲಿ ಇನ್ನೂ ಏರುತ್ತದೆ. ಮೇ ಕೊನೆಯಿಂದ ಜೂನ್ ಒಳ್ಳೆಯದು, ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ದಾರಿ ಲೆಕ್ಕ ಹಾಕುವಾಗ ಮೈಲಿ ಮತ್ತು ಲಾಕುಗಳನ್ನು ಕೂಡಿಸಿ ಮೂರರಿಂದ ಭಾಗಿಸಿ, ಹೆಚ್ಚುಕಡಿಮೆ ಅಷ್ಟು ಗಂಟೆ. ದುಡ್ಡು ಕಟ್ಟುವ ಮೊದಲು ಮೂರು ಕೇಳಿ: ಡೀಸೆಲ್ ಬಾಡಿಗೆಯಲ್ಲಿ ಸೇರಿದೆಯಾ, ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡುವುದು ಯಾರು, ಮೊದಲ ಲಾಕಿಗೆ ಜೊತೆಗೆ ಬರುತ್ತೀರಾ. ಮೂರನೆಯದಕ್ಕೆ ಇಲ್ಲ ಅಂದರೆ ಬೇರೆ ಕಂಪನಿ ನೋಡಿ.